ಎಡೆಯಿಲ್ಲದ ಮನೆ

ಅಕ್ಕಿಹೆಬ್ಬಾಳಿನ ಆಚಾರಿ ಕೇರಿಯಲ್ಲಿ ಒಂದೇ ಗೋಡೆಯ ಎರಡು ಮನೆಗಳಿದ್ದವು. ಒಂದರಲ್ಲಿ ಕಾಳಪ್ಪ, ಇನ್ನೊಂದರಲ್ಲಿ ಅವನ ತಮ್ಮ. ತಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರು ಲಕ್ಷ್ಮಣ. ಆಮೇಲೆ ಊರವರು ಅವನನ್ನು ಇನ್ನಾಸಿ ಎಂದು ಕರೆದರು. ಅವನ ಮಾತು ನಂಬಿ, ತಲೆಗೆ ನೀರು ಹಾಕಿಸಿಕೊಂಡು ಜ್ಞಾನಸ್ನಾನ ಪಡೆದು ಕ್ರಿಸ್ತುವರಾದ ನಾಲ್ಕಾರು ಮನೆಯವರು ಉಪದೇಶಿ ಇನ್ನಾಸಪ್ಪ ಎಂದರು. ಅಣ್ಣ ಕಾಳಪ್ಪನ ಬಾಯಿಗೆ ಮಾತ್ರ ಲಚ್ಮಣ ಎನ್ನುವುದು ಬಿಟ್ಟು ಬೇರೆ ಹೆಸರು ಬರಲೇ ಇಲ್ಲ. ಮನೆ ಎರಡಾದರೂ ಕುಲುಮೆ ಒಂದೇ. ಒಬ್ಬ ತಿದಿ ಒತ್ತಿದರೆ ಇನ್ನೊಬ್ಬ ಸುತ್ತಿಗೆ ಹಿಡಿಯುತ್ತಿದ್ದ. ಅತ್ತಿಗುಪ್ಪೆಯ ಸಂತೆಗೆ ಹೋಗುತ್ತಿದ್ದ ಕುಡುಗೋಲು, ನೇಗಿಲ ಗುಳಗಳಲ್ಲಿ ಯಾವುದು ಅಣ್ಣನ ಕೈಯದು ಯಾವುದು ತಮ್ಮನದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ.

ಲಕ್ಷ್ಮಣ ಇನ್ನಾಸಪ್ಪನಾದದ್ದು ಪಟ್ಟಣದ ಕಡೆ. ಹರೆಯದಲ್ಲಿ ಅವನು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವ ಕೆಲಸ ಹುಡುಕಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದ. ಮಳೆಗಾಲದಲ್ಲಿ ಚಳಿಜ್ವರ ಹತ್ತಿತು. ಜೊತೆಯವರು ಇವನಿನ್ನು ಉಳಿಯುವವನಲ್ಲ ಎಂದುಕೊಂಡು ಪಾಲಹಳ್ಳಿಯ ದಾರಿಯಲ್ಲಿ ಒಂದು ಮರದ ಬುಡದಲ್ಲಿ ಮಲಗಿಸಿ ಹೊರಟುಹೋದರು. ಕಾವಿ ಉಟ್ಟ ಪರದೇಶಿ ಸನ್ಯಾಸಿಯೊಬ್ಬರು, ಪಾಲಹಳ್ಳಿಯ ಕ್ರಿಸ್ತುವರ ಗುರು, ಅವನನ್ನು ಎತ್ತಿಸಿಕೊಂಡು ಹೋದರು. ಅವರೇ ಗಂಜಿ ಕುಡಿಸಿದರು, ಅವರೇ ಬೆವರು ಒರೆಸಿದರು. ತನ್ನವರು ಬಿಟ್ಟುಹೋದ ಜಾಗದಲ್ಲಿ ಯಾರೂ ಅಲ್ಲದವರು ಬಂದು ಕೂತರಲ್ಲ ಎಂಬುದು ಅವನ ಮನಸ್ಸಿಗೆ ನಾಟಿತು. ಜ್ವರ ಬಿಟ್ಟ ಮೇಲೂ ಅವನು ಅಲ್ಲಿಂದ ಏಳಲಿಲ್ಲ. ಜಪ ಕಲಿತ, ಜ್ಞಾನಸ್ನಾನ ಪಡೆದ, ಹೊಸ ಹೆಸರು ಪಡೆದ. ಪಾಲಹಳ್ಳಿಯಲ್ಲೇ ಎರಡು ತಲೆಮಾರಿನಿಂದ ಕ್ರಿಸ್ತುವರಾಗಿದ್ದ ಮನೆಯ ಅನ್ನಮ್ಮನನ್ನು ಮದುವೆಯಾಗಿ ಊರಿಗೆ ಮರಳಿದ.

ಕಾಳಪ್ಪ ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕುಲುಮೆಗೆ ಬೆಂಕಿ ಹಾಕಿ, "ಬಾರ್ಲಾ ಲಚ್ಮಣ, ತಿದಿ ಒತ್ತು. ನೀನ್ ಯಾವ ದೇವ್ರಿಗೆ ಕೈ ಮುಗುದ್ರೂ ಕಬ್ಣ ಕಾಯ್ಲೇಬೇಕಲ್ಲಾ" ಎಂದ. ಕಾಳಪ್ಪನ ಹೆಂಡತಿ ದೊಡ್ಡತಾಯಮ್ಮ ಹೊಸ ಓರಗಿತ್ತಿಗೆ ಅರಿಸಿನ ಕೊಡಲು ಬಂದು, ಕೊಡಬಹುದೋ ಬಾರದೋ ಗೊತ್ತಾಗದೆ, ಅದನ್ನು ಸೆರಗಿನಲ್ಲೇ ಕಟ್ಟಿಕೊಂಡು ವಾಪಸು ಹೋದಳು. ಎರಡು ಮನೆಯ ನಡುಗೋಡೆಯಲ್ಲಿ, ಅಡುಗೆಮನೆಯ ಹತ್ತಿರ, ಒಬ್ಬರು ಬಗ್ಗಿ ಹೋಗುವಷ್ಟು ಒಂದು ಬಾಗಿಲಿತ್ತು. ಅದು ಹಾಗೇ ತೆರೆದಿತ್ತು.

ಅವನನ್ನು ಬದುಕಿಸಿದ ಆ ಸನ್ಯಾಸಿ, ಎಲ್ಲರ ಬಾಯಲ್ಲಿ ದೊಡ್ಡ ಸ್ವಾಮಿಗಳು, ವರ್ಷಕ್ಕೊಮ್ಮೆ ನಡೆದುಕೊಂಡು ಬರುತ್ತಿದ್ದರು. ಹೇಮಾವತಿಯ ದಂಡೆಯಲ್ಲಿ ಕಾಲು ತೊಳೆದು, ಇನ್ನಾಸಪ್ಪನ ಜಗಲಿಯ ಮೇಲೆ ಪೂಜೆ ಮಾಡಿ, ಪಾಪನಿವೇದನೆ ಕೇಳಿ, ಮಕ್ಕಳ ತಲೆಗೆ ನೀರು ಹಾಕಿ ಹೋಗುತ್ತಿದ್ದರು. ಕೊನೆಯ ಸಲ ಬಂದಾಗ ಅವರಿಗೆ ಉಬ್ಬಸ ಹೆಚ್ಚಾಗಿತ್ತು. ಕಾಲ ಕೆಡುತ್ತಿದೆ, ಇನ್ನು ಬರಲಾಗುತ್ತದೋ ಇಲ್ಲವೋ ಎಂದರು. ಹೊರಡುವಾಗ ಇನ್ನಾಸಪ್ಪನ ಹೆಗಲು ಹಿಡಿದುಕೊಂಡು, "ಕುರಿಗಳನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ಹಳೆಯ ಹಬ್ಬದ ಒಂದು ಹೂವೂ ಈ ಮನೆಗಳ ಹೊಸಿಲು ದಾಟಬಾರದು. ಹೂವು ಬಂದರೆ ಹಿಂದೆಯೇ ಎಲ್ಲವೂ ಬರುತ್ತದೆ" ಎಂದರು.

ಅವರು ಮತ್ತೆ ಬರಲಿಲ್ಲ. ಬೇರೆ ಯಾರೂ ಬರಲಿಲ್ಲ. ಪಟ್ಟಣದ ಕಡೆ ಕ್ರಿಸ್ತುವರ ಗುಡಿಗಳಿಗೆ ಬೀಗ ಬಿದ್ದಿದೆ ಎಂದು ಕೆಲವರು, ಸ್ವಾಮಿಗಳು ಘಟ್ಟದಾಚೆ ಹೋದರೆಂದು ಕೆಲವರು ಹೇಳಿದರು. ವರ್ಷದ ಮೇಲೆ ವರ್ಷ ಕಳೆಯಿತು. ಇನ್ನಾಸಪ್ಪನ ಹತ್ತಿರ ಉಳಿದದ್ದು ಬಾಯಿಪಾಠದ ಜಪಗಳು, ಮರದ ಒಂದು ಶಿಲುಬೆ, ಮತ್ತು ಆ ಒಂದು ಮಾತು.

ಆ ಮಾತನ್ನು ಅವನು ಕಬ್ಬಿಣದ ಹಾಗೆ ಹಿಡಿದ. ಯುಗಾದಿಯ ಬೇವುಬೆಲ್ಲವಿಲ್ಲ, ಗೌರಿಯ ಬಾಗಿನವಿಲ್ಲ, ಆಯುಧಪೂಜೆಯ ದಿನ ಅಣ್ಣ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಕುಂಕುಮ ಇಡುವ ಹೊತ್ತಿಗೆ ತಮ್ಮ ನದಿಯ ಕಡೆ ಎದ್ದು ಹೋಗುತ್ತಿದ್ದ. ಮೊದಮೊದಲು ಅವನ ಮಂದೆಯವರು, ಜ್ಞಾನಸ್ನಾನ ಪಡೆದ ಆ ಮನೆಯವರು, ಕೇಳಿದರು. ಆಮೇಲೆ ಗೊಣಗಿದರು. ಅವರ ಪೈಕಿ ಮರಿಸ್ವಾಮಿ ಎಂಬ ಬೇಸಾಯಗಾರನಿದ್ದ, ನಗೆ ಮಾತಿನವನು, ಒಂದು ಜೊತೆ ಒಳ್ಳೆಯ ಎತ್ತುಗಳಿದ್ದವನು. ಒಂದು ಸಂಕ್ರಾಂತಿಯ ಸಂಜೆ ಅವನು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರವರ ಜೊತೆ ಕಿಚ್ಚು ಹಾಯಿಸಿದ. ಮುಂದಿನ ಭಾನುವಾರ ಜಪಕ್ಕೆ ಬಂದಾಗ ಇನ್ನಾಸಪ್ಪ ಬಾಗಿಲಲ್ಲೇ ತಡೆದ.

"ಯಾಕಣ್ಣ, ಏನಾತು?" ಎಂದ ಮರಿಸ್ವಾಮಿ.

"ಕಿಚ್ಚು ಹಾಯಿಸ್ದಲ್ಲ."

"ನಾನೆಲ್ಲಿ ಆಯ್ದೆ? ಎತ್ತುಗೋಳು ಆಯ್ದೊ. ಅವೇನು ನನ್ನಂಗೆ ಜ್ಞಾನಸ್ನಾನ ತಕ್ಕಂಡವಾ? ಅವು ಸಂಕ್ರಾಂತಿ ಮಾಡ್ಕಳ್ಳಿ ಬುಡು ಅತ್ಲಾಗೆ."

ಒಳಗೆ ಕೂತಿದ್ದವರು ನಕ್ಕರು. ಅನ್ನಮ್ಮನೂ ನಕ್ಕಳು. ಇನ್ನಾಸಪ್ಪನಿಗೆ ನಗು ಬರಲಿಲ್ಲ.

"ಎಳ್ಳು ತಿನ್ನು, ಬೆಲ್ಲ ತಿನ್ನು, ನಾಳಿಕೆ ತಿನ್ನು, ನಾಡಿದ್ದು ತಿನ್ನು. ಆ ದಿನ ತಿನ್ಬ್ಯಾಡ. ಆ ದಿನ ಅವರ್ದು. ಆ ದಿನಾನೇ ಪಾಪ ಕಣ್ಲಾ."

"ದಿನ ಎಲ್ಲಾರಿಗೂ ಒಂದೇ ಊಟ್ತದಲ್ಲಣ್ಣ," ಎಂದ ಮರಿಸ್ವಾಮಿ. "ನಮ್ಮಪ್ಪ ಮಾಡ್ದ, ಅವ್ರಪ್ಪ ಮಾಡ್ದ. ನಂಗೆ ಯೇಸುಸ್ವಾಮಿನೂ ಬೇಕು, ಊರೂ ಬೇಕು. ಎರಡ್ರಾಗೆ ಒಂದ್ ಬುಡು ಅಂದ್ರೆ ಊರು ಬುಟ್ಟು ನಾನೆಲ್ಲಿಗೋಗ್ಲಿ?" ಎಂದು ಹೊರಟುಹೋದ. ಅವನ ಹಿಂದೆ ಅವನ ಮನೆಯವರೂ ಬರುವುದು ನಿಲ್ಲಿಸಿದರು.

ತನ್ನ ಮಾತು ಎಲ್ಲಿ ಸಡಿಲ ಎಂಬುದು ಇನ್ನಾಸಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ಸ್ವಾಮಿಗಳಿಲ್ಲದ ಮೇಲೆ ಯೇಸುಸ್ವಾಮಿ ಹುಟ್ಟಿದ ಹಬ್ಬ ಯಾವ ದಿನ ಎಂದು ಹೇಳುವವರಿರಲಿಲ್ಲ. ಅದು ಸಂಕ್ರಾಂತಿಗೆ ಅರ್ಧ ತಿಂಗಳು ಮುಂಚೆ ಬರುತ್ತದೆ ಎಂದು ಸ್ವಾಮಿಗಳು ಒಮ್ಮೆ ಹೇಳಿದ್ದು ಅವನಿಗೆ ನೆನಪಿತ್ತು. ಹಾಗಾಗಿ ಪ್ರತಿ ವರ್ಷ ಚಳಿ ಶುರುವಾಗುತ್ತಿದ್ದಂತೆ ಅಗ್ರಹಾರದ ಜೋಯಿಸರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದ.

"ಬಂದೆಯಾ ಇನ್ನಾಸಿ," ಎನ್ನುತ್ತಿದ್ದರು ಜೋಯಿಸರು. "ಸಂಕ್ರಾಂತಿ ಯಾವತ್ತು ಅಂತ ತಾನೆ? ನಿಮ್ಮ ದೇವರು ಹುಟ್ಟಿದ ದಿನ ತಿಳಿಯೋದಕ್ಕೂ ನನ್ನ ಪಂಚಾಂಗವೇ ಬೇಕಾಯ್ತು ನೋಡು. ಹೀಗಿದ್ದೂ ನಮ್ಮ ಹಬ್ಬದ ಮೇಲೆ ಯಾಕಪ್ಪ ಅಷ್ಟು ಸಿಟ್ಟು?"

"ಸಿಟ್ಟಿಲ್ಲ ಸ್ವಾಮಿ. ದಿನ ಯಾರ್ದೂ ಅಲ್ಲ. ಆ ದಿನ ಏನ್ಮಾಡ್ತೀವಿ ಅನ್ನಾದು ನಮ್ದು."

ಹಾಗೆಂದು ಕೇರಿಯ ಕಡೆ ತಿರುಗಿದ ಮೇಲೆ, ಮರಿಸ್ವಾಮಿಗೆ ತಾನು ಹೇಳಿದ್ದು ಇದರ ತಲೆಕೆಳಗಾದ ಮಾತಲ್ಲವೇ ಎಂದು ಅವನಿಗೆ ಹೊಳೆಯುತ್ತಿತ್ತು. ಹೊಳೆದದ್ದನ್ನು ಅಲ್ಲಿಯೇ ಅದುಮುತ್ತಿದ್ದ. ಒಂದನ್ನು ಬಿಟ್ಟರೆ ಹಿಂದೆಯೇ ಎಲ್ಲವೂ ಬರುತ್ತದೆ ಎಂಬ ಭಯ ಅವನನ್ನು ಬಿಟ್ಟದ್ದೇ ಇಲ್ಲ.

ಮಗ ಚೌರಪ್ಪ ಅಪ್ಪನ ಹಾಗಲ್ಲ, ಅಮ್ಮನ ಹಾಗೆ ಸಲೀಸು ಮನುಷ್ಯ. ಜಪಕ್ಕೆ ಎಲ್ಲರಿಗಿಂತ ಮೊದಲು ಕೂರುತ್ತಿದ್ದ. ದೊಡ್ಡಪ್ಪನ ಮನೆಯ ಹಬ್ಬದ ದಿನ ಗೋಡೆಯ ಬಾಗಿಲಲ್ಲಿ ಬಗ್ಗಿ ದೊಡ್ಡತಾಯಮ್ಮನ ಕೈಯಿಂದ ಏನನ್ನೋ ಬಾಯಿಗೆ ಹಾಕಿಸಿಕೊಂಡು, ತುಟಿ ಒರೆಸಿಕೊಂಡು ಬರುತ್ತಿದ್ದ. ಅಪ್ಪನಿಗೆ ಗೊತ್ತಾದ ದಿನ ಏಟು ಬೀಳುತ್ತಿತ್ತು. ಬಿದ್ದರೂ ಮುಂದಿನ ಹಬ್ಬಕ್ಕೆ ಮತ್ತೆ ಬಗ್ಗುತ್ತಿದ್ದ. ಮೀಸೆ ಚಿಗುರುವ ಹೊತ್ತಿಗೆ ಸುತ್ತಿಗೆ ಹಿಡಿಯುವುದರಲ್ಲಿ ಅಪ್ಪ ದೊಡ್ಡಪ್ಪ ಇಬ್ಬರನ್ನೂ ಮೀರಿಸಿದ್ದ.

ಇಂಗ್ಲಿಷರು, ನಿಜಾಮನವರು, ಮರಾಠರು ಎಲ್ಲ ಸೇರಿ ಪಟ್ಟಣಕ್ಕೆ ಮುತ್ತಿಗೆ ಹಾಕುತ್ತಾರೆಂದು ಸುದ್ದಿ ಹಬ್ಬಿದ ವರ್ಷ, ಕೋಟೆಗೆ ಕಮ್ಮಾರರು ಬೇಕು, ಕೇರಿಯಲ್ಲಿ ಮನೆಗೊಬ್ಬರಂತೆ ಹೊರಡಬೇಕು ಎಂದು ಸುಲ್ತಾನರ ಆಳುಗಳು ಬಂದರು. ಕಾಳಪ್ಪನಿಗೆ ಸೊಂಟ ಹಿಡಿದಿತ್ತು, ಅವನ ಇಬ್ಬರು ಗಂಡುಮಕ್ಕಳು ಇನ್ನೂ ಚಿಕ್ಕವರು, ಆ ಮನೆಯನ್ನು ಬಿಟ್ಟರು. ಇನ್ನಾಸಪ್ಪ ಚೀಲ ಕಟ್ಟಿಕೊಂಡ. ಚೌರಪ್ಪ ಆ ಚೀಲವನ್ನು ಅಪ್ಪನ ಹೆಗಲಿಂದ ಇಳಿಸಿಕೊಂಡ.

"ತಪಸ್ಸಿನ ಕಾಲ ಬತ್ತಾ ಅದೆ, ಆಮೇಕೆ ಪಾಸ್ಕ. ನೀನೋದ್ರೆ ಜಪ ಯೋಳೋರು ಯಾರಪ್ಪ? ನಾ ಓಯ್ತೀನಿ. ಹಬ್ಬದೊತ್ಗೆ ಬಂದ್ಬುಡ್ತೀನಿ."

ಇನ್ನಾಸಪ್ಪ ಬೇಡವೆನ್ನಲಿಲ್ಲ. ಮಂದೆಯಲ್ಲಿ ಆಗ ಎರಡು ಮನೆಯವರು ಮತ್ತು ಕಣ್ಣು ಮಂಜಾದ ಚಿಕ್ಕಬೋರಮ್ಮ ಎಂಬ ಮುದುಕಿ ಉಳಿದಿದ್ದರು. ನಲವತ್ತು ದಿನದ ಉಪವಾಸ ಮುಗಿಸಿ, ಯೇಸುಸ್ವಾಮಿ ಸತ್ತು ಎದ್ದ ದಿನವೆಂದು ಮಾಡುವ ಪಾಸ್ಕ ಹಬ್ಬ ತಪ್ಪಿದರೆ ಅವರೂ ಚದುರುತ್ತಾರೆ ಎಂದು ಅವನ ಲೆಕ್ಕ. ಮಗ ಊರ ಬಾವಿ ದಾಟಿ ಹೋಗುವುದನ್ನು ಅನ್ನಮ್ಮ ನೋಡುತ್ತ ನಿಂತಿದ್ದಳು. ಇನ್ನಾಸಪ್ಪ ಒಳಗೆ ಶಿಲುಬೆಯ ಮುಂದೆ ಮೊಣಕಾಲೂರಿದ್ದ.

ಪಾಸ್ಕ ಬಂತು, ಹೋಯಿತು. ಯುದ್ಧ ನಿಂತು ದಂಡುಗಳು ತಿರುಗಿ ಹೋದ ಮೇಲೂ ಚೌರಪ್ಪ ಬರಲಿಲ್ಲ. ಹಿರೋಡೆಯ ಒಬ್ಬ ಕಮ್ಮಾರ ಮಾತ್ರ, ಹೊಳೆಯಾಚೆಯ ದಂಡೆಯ ಮೇಲಿದ್ದ ಕುಲುಮೆಯಲ್ಲಿ ಅವನೂ ತಾನೂ ಜೊತೆಗಿದ್ದೆವು, ಮುತ್ತಿಗೆಯ ಒಂದು ರಾತ್ರಿ ಗುಂಡುಗಳು ಬಿದ್ದವು, ಬೆಳಗಾಗುವಷ್ಟರಲ್ಲಿ ಕುಲುಮೆಯೂ ಇರಲಿಲ್ಲ, ಅವನೂ ಇರಲಿಲ್ಲ ಎಂದ. ಇನ್ನಾಸಪ್ಪ ಪಟ್ಟಣಕ್ಕೆ ನಡೆದ. ಗಂಜಾಮಿನ ತೋಟದ ಮರಗಳನ್ನೆಲ್ಲ ಕಡಿದುಹಾಕಿದ್ದರು. ಹೊಳೆಯಂಚಿನಲ್ಲಿ ಮಣ್ಣು ಅಗೆದು ಮುಚ್ಚಿದ ಗುಂಡಿಗಳು ಸಾಲಾಗಿದ್ದವು. ಯಾವುದರಲ್ಲಿ ಯಾರು ಎಂದು ಹೇಳುವವರಿಲ್ಲ. ಮಳೆ ಹಿಡಿಯುವ ತನಕ ಅಲೆದು, ಬರಿಗೈಯಲ್ಲಿ ಮನೆಗೆ ಬಂದ.

ಆ ವರ್ಷದ ಮಾರ್ನಮಿ ಅಮಾವಾಸ್ಯೆ ಹತ್ತಿರವಾಯಿತು. ಊರಿನ ಮನೆಮನೆಯಲ್ಲೂ ಸತ್ತ ಹಿರಿಯರ ಹೆಸರು ಹೇಳಿ ಎಲೆಯ ಮೇಲೆ ಅವರಿಗೆ ಇಷ್ಟವಾದ ಅಡುಗೆ ಬಡಿಸಿಡುವ ಹಬ್ಬ ಅದು. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಾರೆ. ಆಗ ತೀರಿಹೋದವರು ಒಳಗೆ ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಅನ್ನಮ್ಮ ಒಂದು ಮಧ್ಯಾಹ್ನ ಕುಲುಮೆಗೇ ಬಂದು ಗಂಡನ ಮುಂದೆ ನಿಂತಳು.

"ಚೌರಿಗೆ ಒಂದೆಲೆ ಮಡಗ್ಬೇಕು."

ಇನ್ನಾಸಪ್ಪ ಇಕ್ಕಳ ಕೆಳಗಿಟ್ಟ. "ಸತ್ತವನೆ ಅಂತ ಯಾರಂದ್ರು?"

"ಬದುಕವನೆ ಅಂತ ನೀನನ್ನು. ಎಲೆ ಮಡಗಲ್ಲ."

ಅವನು ಬಗ್ಗಿ ಕುಲುಮೆಯ ಕೆಂಡ ಕೆದಕಿದ.

"ನಮ್ಮಜ್ಜಿ ಮಡಗ್ತಿದ್ಲು," ಎಂದಳು ಅನ್ನಮ್ಮ. "ಪಾಲಹಳ್ಳಿನಾಗೆ. ಸತ್ತೋರ ಆತ್ಮಗಳ ದಿನ ಶಿಲುಬೆ ಮುಂದ್ಗಡೆ ಒಂದ್ ದೀಪ, ಒಂದೆಲೆ ಅನ್ನ. ಯಾವ ಸ್ವಾಮಿಗಳೂ ಏನೂ ಅನ್ಲಿಲ್ಲ."

"ದೊಡ್ಡ ಸ್ವಾಮಿಗಳು ನನ್ಗಂದವ್ರೆ. ಆತ್ಮಗಳ ದಿನ ದೀಪಾವಳಿ ಆಸುಪಾಸು ಬತ್ತದೆ. ಅವತ್ತು ಜಪ ಯೋಳಾನ, ಅವ್ನೆಸ್ರು ತಕ್ಕಂಡು ಯೋಳಾನ. ಎಲೆ ಗಿಲೆ ಬ್ಯಾಡ."

"ಅಲ್ಲೀಗಂಟ ಮಗ ಅಸ್ಕಂಡಿರ್ಲಾ?"

"ಆತ್ಮಕ್ಕೆ ಅಸಿವಿಲ್ಲ ಕಣೆ."

"ನಿಂಗೆ ಯಾರ್ ಬಂದ್ ಯೋಳುದ್ರು?" ಎಂದಳು ಅನ್ನಮ್ಮ. ಅವಳು ಕೂಗಲಿಲ್ಲ. "ಮಣ್ಣೂ ಸಿಗ್ಲಿಲ್ಲ, ಗುಂಡೀನೂ ಗೊತ್ತಿಲ್ಲ. ಗುಂಡಿ ಮ್ಯಾಲೆ ತೀರ್ಥ ಹಾಕಾಕೆ ಸ್ವಾಮಿಗಳೂ ಇರ್ಲಿಲ್ಲ. ಒಂದೆಲೆ ಅನ್ನನಾದ್ರೂ ಹಾಕ್ತೀನಿ ಅಂದ್ರೆ ಅದ್ಕೂ ನೀನು ಬುಡಲ್ಲ."

ಇನ್ನಾಸಪ್ಪ ಇಕ್ಕಳ ಎತ್ತಿಕೊಂಡು ಕೆಲಸಕ್ಕೆ ತಿರುಗಿದ. ಮಗನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ ಎಂದು ಯಾರಾದರೂ ಅಂದರೆ ಅದು ಸುಳ್ಳು. ಪಾಸ್ಕಕ್ಕಾಗಿ ಮಗನನ್ನು ಕಳಿಸಿದೆ. ಈಗ ಎಡೆ ಇಟ್ಟರೆ, ಯಾವುದಕ್ಕಾಗಿ ಅವನನ್ನು ಕಳಿಸಿದೆನೋ ಅದೂ ಹುಸಿಯಾಗುತ್ತದೆ ಎಂದು ಅವನ ಒಳಗೊಂದು ಹಿಡಿತವಿತ್ತು.

ಅಮಾವಾಸ್ಯೆಯ ದಿನ ಅವನು ಎಂದಿನಂತೆ ನದಿಗೆ ಹೋದ. ಮಳೆ ಹನಿಯಿತೆಂದು ಬೇಗ ತಿರುಗಿದ. ಮನೆಯಲ್ಲಿ ಅನ್ನಮ್ಮ ಇರಲಿಲ್ಲ. ಗೋಡೆಯ ಬಾಗಿಲಿನಾಚೆ ಹೆಂಗಸರ ಅಳು ಸಣ್ಣಗೆ ಕೇಳುತ್ತಿತ್ತು. ಬಗ್ಗಿ ನೋಡಿದ. ಕಾಳಪ್ಪನ ನಡುಮನೆಯಲ್ಲಿ ಹಿರಿಯರ ಎಲೆಗಳ ಸಾಲಿನ ಕೊನೆಗೆ, ಎಲ್ಲಕ್ಕಿಂತ ಚಿಕ್ಕದಾದ ಒಂದು ಎಲೆ. ಅದರ ಮೇಲೆ ಅನ್ನ, ಹಲಸಂದೆ ಸಾರು, ಹುಚ್ಚೆಳ್ಳು ಪುಡಿ, ಒಂದು ಕಜ್ಜಾಯ. ಪಕ್ಕದಲ್ಲಿ ಚೌರಪ್ಪನ ಹಳೆಯ ಅಂಗವಸ್ತ್ರ ಮಡಿಸಿಟ್ಟಿತ್ತು. ದೊಡ್ಡತಾಯಮ್ಮ ಧೂಪ ಹಾಕುತ್ತ, "ಬಾ ನನ್ ಕಂದ, ಅಪ್ಪನಿಗೆ ಎದ್ರುಕೋಬ್ಯಾಡ, ಉಣ್ಣು ಬಾ" ಎನ್ನುತ್ತಿದ್ದಳು. ಅನ್ನಮ್ಮ ಕಂಬಕ್ಕೆ ತಲೆಯಿಟ್ಟು ಕೂತಿದ್ದಳು.

ಇನ್ನಾಸಪ್ಪ ಒಳಗೆ ನುಗ್ಗಿದ. ಯಾರಾದರೂ ಏನು ಎನ್ನುವಷ್ಟರಲ್ಲಿ ಆ ಎಲೆಯನ್ನು ಎರಡು ಕೈಯಲ್ಲಿ ಬಾಚಿಕೊಂಡು, ಹಿರಿಯರ ಎಲೆಗಳನ್ನು ತುಳಿದುಕೊಂಡೇ ಹೊಸಿಲು ದಾಟಿ, ಬೀದಿಗೆ ಎಸೆದ. ಮಳೆಯ ಕೆಸರಿನಲ್ಲಿ ಅನ್ನ ಚೆಲ್ಲಿತು. ನಾಯಿಗಳು ಬಂದವು.

ಕೇರಿಯವರು ಬಾಗಿಲುಬಾಗಿಲಲ್ಲಿ ನಿಂತು ನೋಡಿದರು. ಕಾಳಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅವನ ಮುಖ ಬೂದಿಯಾಗಿತ್ತು.

"ನಿನ್ ದೇವ್ರು ನನ್ನಟ್ಟಿಗೆ ಬಂದಿರ್ಲಿಲ್ಲ ಕಣ್ಲಾ ಲಚ್ಮಣ," ಎಂದ. "ನಾನು ಯಾವತ್ತಾದ್ರೂ ನಿನ್ ಶಿಲುಬೆ ತಕ್ಕಂಡು ಬೀದಿಗೆ ಎಸ್ದಿದ್ನಾ? ನಮ್ಮಪ್ಪನ ಎಲೆ ತುಳುದ್ಬುಟ್ಟೆ. ನಿಮ್ಮಪ್ಪನೂ ಅವ್ನೇ ಅಲ್ವೇನ್ಲಾ?"

ಇನ್ನಾಸಪ್ಪ ತನ್ನ ಪಾದ ನೋಡಿಕೊಂಡ. ಬೆರಳ ಸಂದಿಯಲ್ಲಿ ಅನ್ನದ ಅಗುಳಿತ್ತು.

ಮಾರನೆಯ ದಿನ ಕಾಳಪ್ಪನ ಮಕ್ಕಳು ನಡುಗೋಡೆಯ ಬಾಗಿಲಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದರು. ಕುಲುಮೆ ಅಣ್ಣನ ಪಾಲಿಗೆ ಉಳಿಯಿತು. ತಮ್ಮ ತನ್ನ ಹಿತ್ತಿಲಲ್ಲಿ ಕಬ್ಬಿಣ ಕಾಯಿಸಲು ಒಂದು ಸಣ್ಣ ಒಲೆ ಹೂಡಿಕೊಂಡ. ಊರವರು ಅವನ ಹತ್ತಿರ ಮೊಂಡಾದ ಗುದ್ದಲಿ ಹಣಿಸಲೂ ಬರದಾದರು. ಮಂದೆಯಲ್ಲಿ ಉಳಿದಿದ್ದ ಎರಡು ಮನೆಯವರು, ನಮ್ಮ ಸತ್ತವರಿಗೂ ನಾಳೆ ಇದೇ ಗತಿಯೇ ಎಂದು ಹೆದರಿ ನಾಗಮಂಗಲದ ಕಡೆಯ ನೆಂಟರ ಊರಿಗೆ ಹೊರಟುಹೋದರು. ಅಲ್ಲಿ ಹೋಗಿ ಏನಾದರೆಂದು ತಿಳಿಯಲಿಲ್ಲ. ಚಿಕ್ಕಬೋರಮ್ಮ ಮಾತ್ರ ಭಾನುವಾರ ಕೋಲೂರಿಕೊಂಡು ಬರುತ್ತಿದ್ದಳು. ಅವಳಿಗೆ ಎಲ್ಲಿಗೂ ಹೋಗಲು ದಾರಿ ಕಾಣುತ್ತಿರಲಿಲ್ಲ.

ಅನ್ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡಿದಳು, ನೀರು ತಂದಳು, ಗಂಡನಿಗೆ ಜ್ವರ ಬಂದಾಗ ಕಷಾಯ ಕಾಯಿಸಿದಳು. ಜಪದ ಹೊತ್ತಿಗೆ ಬಂದು ಕೂರುತ್ತಲೂ ಇದ್ದಳು. ಅವನು ಜಪದ ಮೊದಲರ್ಧ ಹೇಳಿದರೆ ಉಳಿದರ್ಧ ಮನೆಯವರು ಹೇಳಬೇಕು. ಅವಳು ಹೇಳುವುದನ್ನು ನಿಲ್ಲಿಸಿದಳು. ಅವನ ದನಿ ನಿಂತ ಮೇಲೆ ಚಿಕ್ಕಬೋರಮ್ಮನ ನಡುಗುವ ದನಿ ಒಂದೇ ಕೇಳುತ್ತಿತ್ತು. ಬೇರೆ ದಿನಗಳಲ್ಲಿ ಅದೂ ಇಲ್ಲ. ಇನ್ನಾಸಪ್ಪ ಸ್ವಲ್ಪ ಕಾದು, ಆ ಅರ್ಧವನ್ನೂ ತಾನೇ ಹೇಳಿ ಮುಗಿಸುತ್ತಿದ್ದ. ಹೀಗೆ ವರ್ಷಗಳು ಹೋದವು.

ಪಟ್ಟಣದ ಮೇಲೆ ಮತ್ತೊಂದು ದಂಡು ಬರುತ್ತದೆ ಎಂಬ ಗಾಳಿಮಾತು ಶುರುವಾದ ವರ್ಷ ಅನ್ನಮ್ಮ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಂಟು. ದೊಡ್ಡತಾಯಮ್ಮ ಬೀದಿಯ ಬಾಗಿಲಿಂದ ಬಂದು, ಮೈದುನನ ಮುಖ ನೋಡದೆ, ಓರಗಿತ್ತಿಯ ಕಾಲು ಒತ್ತಿ ಹೋಗುತ್ತಿದ್ದಳು. ಒಂದು ಸಂಜೆ ಅನ್ನಮ್ಮ ಗಂಡನನ್ನು ಹತ್ತಿರ ಕರೆದಳು. ಇಬ್ಬರ ನಡುವೆ ಅಷ್ಟು ಮಾತು ನಡೆದು ಬಹಳ ಕಾಲವಾಗಿತ್ತು.

"ನಾನೋದ್ಮೇಲೆ ಮಾರ್ನಮಿ ದಿನ ಎರಡೆಲೆ ಮಡಗು. ಒಂದು ಅವಂಗೆ, ಒಂದು ನಂಗೆ. ಜಪಾನೇ ಯೋಳು, ಶಿಲುಬೆ ಮುಂದ್ಗಡೆನೇ ಮಡಗು. ಆಗ್ಲಿ ಅನ್ನು."

ಇನ್ನಾಸಪ್ಪ ಅವಳ ಕೈ ಹಿಡಿದುಕೊಂಡಿದ್ದ. ಆಗಲಿ ಎಂದರೆ ಮುಗಿಯುತ್ತಿತ್ತು. ಸುಳ್ಳಿಗಾದರೂ ಅನ್ನಬಹುದಿತ್ತು. ದೇವರ ಮುಂದೆ ಆಗದ ಮಾತನ್ನು ಸಾಯುವವಳ ಮುಂದೆ ಹೇಗೆ ಆಡಲಿ ಎಂದು ಅವನು ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ ಅಷ್ಟೆ. ಅನ್ನಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಮೂರನೆಯ ದಿನ ಹಾಗೆಯೇ ತಿರುಗಿ ಮಲಗಿದ್ದಾಗ ಪ್ರಾಣ ಹೋಯಿತು.

ಹೊರಲು ಯಾರೂ ಬರಲಿಲ್ಲ. ಕೊನೆಗೆ ಕಾಳಪ್ಪನೇ ಸೊಂಟ ಬಗ್ಗಿಸಿಕೊಂಡು, ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದ. ತಮ್ಮನ ಜೊತೆ ಒಂದು ಮಾತೂ ಆಡದೆ ಹೆಗಲು ಕೊಟ್ಟ. ನದಿಯಂಚಿನ ಏರಿಯ ಮೇಲೆ ಹೂಳಿದರು. ಇನ್ನಾಸಪ್ಪ ತನಗೆ ಬಂದಷ್ಟು ಜಪ ಹೇಳಿದ.

ಮುಂದಿನ ಬೇಸಿಗೆಯಲ್ಲಿ ಪಟ್ಟಣ ಇಂಗ್ಲಿಷರ ಕೈಗೆ ಬಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ, ಪಾಲಹಳ್ಳಿಗೆ ಹೊಸ ಸ್ವಾಮಿಗಳೊಬ್ಬರು ಬಂದಿದ್ದಾರೆ ಎಂದು ಸಂತೆಯಲ್ಲಿ ಸುದ್ದಿ ಸಿಕ್ಕಿತು. ಇನ್ನಾಸಪ್ಪನಿಗೆ ಮೈಯಲ್ಲಿ ಅಂಥ ಶಕ್ತಿಯೇನೂ ಉಳಿದಿರಲಿಲ್ಲ; ಆದರೂ ಅಂದೇ ಹೊರಟ. ದಾರಿಯುದ್ದಕ್ಕೂ ಒಂದೇ ಆಸೆ: ನೀನು ಮಾಡಿದ್ದು ಸರಿ, ಮಂದೆ ಹೋದರೂ ಮಾತು ಉಳಿಸಿಕೊಂಡೆ ಎಂದು ಯಾರಾದರೂ ಒಮ್ಮೆ ಹೇಳಿದರೆ ಸಾಕು.

ಹೊಸ ಸ್ವಾಮಿಗಳು ವಯಸ್ಸಿನಲ್ಲಿ ಚಿಕ್ಕವರು, ಫ್ರೆಂಚ್ ದೇಶದವರು. ಬಿದ್ದ ಗುಡಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಅವರ ಸುತ್ತ ಜನವೋ ಜನ. ಹೆಸರು ಮರೆತವರು, ಜಪ ಮರೆತವರು, ಮಕ್ಕಳನ್ನು ಕಳೆದುಕೊಂಡವರು. ಸರದಿ ಬಂದಾಗ ಇನ್ನಾಸಪ್ಪ ಎಲ್ಲವನ್ನೂ ಹೇಳಿದ. ಮರಿಸ್ವಾಮಿ, ಎಲೆ, ಅಣ್ಣನ ಬಾಗಿಲು, ಅನ್ನಮ್ಮನ ಕೊನೆಯ ಮಾತು. ಸ್ವಾಮಿಗಳು ಅರೆಬರೆ ಕನ್ನಡದಲ್ಲಿ ನಡುನಡುವೆ ಕೇಳಿ ತಿಳಿದುಕೊಂಡರು.

"ನನ್ನ ದೇಶದಲ್ಲಿ," ಎಂದರು ಕೊನೆಗೆ, "ಆತ್ಮಗಳ ರಾತ್ರಿ ನನ್ನ ತಾಯಿ ಮೇಜಿನ ಮೇಲೆ ರೊಟ್ಟಿ, ಹಾಲು ಇಟ್ಟು ಮಲಗುತ್ತಾಳೆ. ಒಲೆ ಆರಿಸುವುದಿಲ್ಲ. ಸತ್ತವರು ಚಳಿಯಲ್ಲಿ ಬರುತ್ತಾರೆ ಎಂದು. ನಮ್ಮ ಊರಿನಲ್ಲಿ ಎಲ್ಲರೂ ಇಡುತ್ತಾರೆ."

"ಅಂಗಂದ್ರೆ ಅದು ನಮ್ಮ ಹಬ್ಬಾನಾ ಸ್ವಾಮಿ?"

"ಅಲ್ಲ. ನಮ್ಮವರು ಕ್ರಿಸ್ತುವರಾಗುವುದಕ್ಕೆ ಮುಂಚಿನದು. ಹಳೆಯ ಜನರದು. ಬಿಡಲಿಲ್ಲ ಅಷ್ಟೆ."

"ಅಂಗಾದ್ರೆ ದೊಡ್ಡ ಸ್ವಾಮಿಗಳು ಅಂದಿದ್ದು ತಪ್ಪಾ?"

ಸ್ವಾಮಿಗಳು ತಲೆಯಾಡಿಸಿದರು. "ತಪ್ಪಲ್ಲ. ಇಲ್ಲಿ ಬೇಡ. ಇಲ್ಲಿ ನೀವಿನ್ನೂ ಹೊಸಬರು. ಹಳೆಯ ಹಬ್ಬಕ್ಕೂ ನಮ್ಮ ಜಪಕ್ಕೂ ವ್ಯತ್ಯಾಸ ನಿಮಗೆ ತಿಳಿಯುವುದಿಲ್ಲ."

"ಎಷ್ಟು ತಲೆಮಾರು ಕಳುದ್ರೆ ನಾವು ಹಳಬ್ರಾಯ್ತೀವಿ ಸ್ವಾಮಿ?"

ಸ್ವಾಮಿಗಳು ಇನ್ನಾಸಪ್ಪನ ತಲೆಯ ಮೇಲೆ ಕೈಯಿಟ್ಟು ಪಾಪ ಕ್ಷಮಿಸಿದ ಮಾತು ಹೇಳಿದರು. ಯಾವ ಪಾಪವನ್ನು ಕ್ಷಮಿಸಿದರೆಂದು ಅವನಿಗೆ ತಿಳಿಯಲಿಲ್ಲ. ಎಲೆ ಎಸೆದದ್ದನ್ನೋ, ಈಗ ಎಲೆ ಇಡಬೇಕೆನಿಸಿದ್ದನ್ನೋ. ಹಿಂದೆ ನಿಂತವರು ಮುಂದೆ ಬರಲು ತಳ್ಳುತ್ತಿದ್ದರು. ಅವನು ಎದ್ದ.

ಊರಿಗೆ ಬರುವಷ್ಟರಲ್ಲಿ ಮಾರ್ನಮಿ ಅಮಾವಾಸ್ಯೆ ಬಂದೇಬಿಟ್ಟಿತ್ತು. ಬೆಳಗ್ಗೆ ಅವನು ಅಣ್ಣನ ಮನೆಯ ಮುಂದೆ ಹೋಗಿ ನಿಂತ. ಬಹಳ ವರ್ಷದ ಮೇಲೆ ಆ ಹೊಸಿಲ ಮುಂದೆ ನಿಂತದ್ದು. ದೊಡ್ಡತಾಯಮ್ಮ ಹೊರಗೆ ಬಂದಳು.

"ಅತ್ಗೆ, ನಿಮ್ಮೆಲೆಗಳ ಜೊತ್ಗೆ ಎರಡೆಲೆ ಮಡಗು. ಅನ್ನಮ್ಮಂಗೆ, ಚೌರಿಗೆ."

ದೊಡ್ಡತಾಯಮ್ಮನ ಕಣ್ಣು ತುಂಬಿತು. "ಆವತ್ತೇ ಜೋಯಿಸ್ರನ್ನ ಕೇಳುದ್ವಪ್ಪ. ಎಡೆ ಎತ್ತಿ ಎಸ್ದ ಮನೇವ್ರ ಎಸ್ರನ್ನ ಈ ಅಟ್ಟಿನಾಗೆ ತಿರ್ಗಾ ಕರಿಬಾರ್ದಂತೆ. ಕರುದ್ರೆ ನಮ್ಮಿರೀಕ್ರೂ ಬರಾಕಿಲ್ವಂತೆ. ನಾನೇನ್ಮಾಡ್ಲಿ? ನಿನ್ನಟ್ಟಿನಾಗೆ ನೀನೇ ಮಡಗು."

ಒಳಗಿಂದ ಕಾಳಪ್ಪ ಕೆಮ್ಮಿದ್ದು ಕೇಳಿಸಿತು. ಅವನು ಹೊರಗೆ ಬರಲಿಲ್ಲ.

ಇನ್ನಾಸಪ್ಪ ಮನೆಗೆ ಬಂದು ಒಲೆ ಹೊತ್ತಿಸಿದ. ಅನ್ನ ಮಾಡಿದ. ಚೌರಪ್ಪನ ಎಲೆಗೆ ಏನು ಹಾಕಬೇಕೆಂದು ಅವನಿಗೆ ಗೊತ್ತಿತ್ತು. ಅಂದು ತಾನೇ ಬಾಚಿ ಎಸೆದದ್ದು ಕಣ್ಣಲ್ಲೇ ಇತ್ತು. ಹಲಸಂದೆ ಬೇಯಿಸಿದ. ಅನ್ನಮ್ಮನ ಎಲೆ ಹಾಕಿಕೊಂಡು ಅದರ ಮುಂದೆ ಕೂತಾಗ ಕೈ ನಿಂತಿತು. ಅವಳಿಗೆ ಏನು ಇಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಉಂಡು ಎದ್ದು ಹೋದ ಮೇಲೆ ಅವಳು ಉಣ್ಣುತ್ತಿದ್ದಳು. ಒಂದು ದಿನವೂ ಅವಳು ಉಣ್ಣುವುದನ್ನು ಅವನು ಕೂತು ನೋಡಿದವನಲ್ಲ. ಹೋಗಿ ದೊಡ್ಡತಾಯಮ್ಮನನ್ನು ಕೇಳಬಹುದಿತ್ತು. ಕೇಳಲು ಮುಖವಿರಲಿಲ್ಲ. ಬರಿಯ ಅನ್ನ ಬಡಿಸಿದ.

ಶಿಲುಬೆಯ ಮುಂದೆ ಎರಡು ಎಲೆ ಇಟ್ಟು, ಜಪ ಶುರು ಮಾಡಿದ. ಅರ್ಧಕ್ಕೆ ನಿಂತ. ಬಾ ಎಂದು ಕರೆಯಬೇಕು, ಕರೆಯುವುದು ಪಾಪ. ಕರೆಯದಿದ್ದರೆ ಅವರು ಹೇಗೆ ಬರುತ್ತಾರೆ? ಕರೆದರೆ ತಾನು ಇಷ್ಟು ವರ್ಷ ಕಾದದ್ದು ಏನು? ಎರಡು ಹೆಸರನ್ನೂ ಕರೆಯದೆಯೇ ಎದ್ದ. ಬಾಗಿಲು ಮುಂದೆ ಮಾಡಿ ಜಗಲಿಯ ಮೇಲೆ ಕೂತು, ಬೈಗಾದ ಮೇಲೆ ಒಳಗೆ ಹೋದ. ಅನ್ನ ಒಣಗಿತ್ತು. ಇರುವೆಗಳು ಸಾಲು ಕಟ್ಟಿದ್ದವು. ಎರಡು ಎಲೆಯನ್ನೂ ಮಡಿಸಿ ಹೇಮಾವತಿಗೆ ಬಿಟ್ಟು ಬಂದ.

ಭಾನುವಾರ ಚಿಕ್ಕಬೋರಮ್ಮ ಕೋಲೂರಿಕೊಂಡು ಬಂದು, ತನ್ನ ಜಾಗ ತಡವಿಕೊಂಡು ಕೂತಳು.

"ಸ್ವಾಮಿಗಳು ಸಿಕ್ಕುದ್ರೇನಪ್ಪ? ಏನಂದ್ರು?"

"ಸಿಕ್ಕುದ್ರು. ನೀನು ಮಾಡಿದ್ದು ಸರಿ ಅಂದ್ರು."

ಅವನು ಆಡಿದ ಮೊದಲ ಸುಳ್ಳು ಅದು. ಮುದುಕಿ ಸಮಾಧಾನದಿಂದ ತಲೆಯಾಡಿಸಿದಳು. "ಯೋಳಪ್ಪ ಅಂಗಾರೆ, ಜಪ ಯೋಳು" ಎಂದಳು. ಅವನು ಹೇಳಿದ. ಅವಳು ಮಿಕ್ಕರ್ಧ ಹೇಳಿದಳು. ಹೊಸ ಸ್ವಾಮಿಗಳು ಅತ್ತಿಗುಪ್ಪೆಯ ಕಡೆಗೆ ಬರುತ್ತಾರೆಂದು ಸುದ್ದಿ ಬಂದಾಗಲೂ ಇನ್ನಾಸಪ್ಪ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಚಿಕ್ಕಬೋರಮ್ಮ ಸತ್ತಳು. ಅವಳನ್ನು ಹೂಳಿ ಬಂದ ಮೇಲೆ ಅವನು ಜಪ ಹೇಳುತ್ತಿದ್ದನೋ ಇಲ್ಲವೋ, ಕೇಳಿದವರು ಯಾರೂ ಇಲ್ಲ.